ಹೈದರಾಬಾದ್‌–ದುಬೈ: ಆಕಾಶದ ದೂರವನ್ನು ನಾನು ಲೆಕ್ಕ ಹಾಕಿದ ಬಗೆ

ಕಳೆದ ಚಳಿಗಾಲದಲ್ಲಿ ಕಲಬುರಗಿಯ ನಮ್ಮಕ್ಕ ಮಗನ ಮನೆಗೆಂದು ಮೊದಲ ಸಲ ದುಬೈಗೆ ಹೊರಟಿದ್ದಳು. ಟಿಕೆಟ್ಟಿನಲ್ಲಿ ಹೈದರಾಬಾದಿನಿಂದ 10.00ಕ್ಕೆ ಹೊರಟು 12.20ಕ್ಕೆ ತಲುಪುವುದಾಗಿ ಇತ್ತು. "ಎರಡೂವರೆ ತಾಸಿನೊಳಗ ಸಮುದ್ರ ದಾಟ್ತದೇನು ತಮ್ಮಾ?" ಎಂದು ಅವಳು ಕೇಳಿದಾಗ, ಗಣಿತ ಕಲಿಸುವವನಾದ ನಾನು ಕಾಗದ ಹಿಡಿದು ಕುಳಿತೆ.

ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ 17.24 ಡಿಗ್ರಿ ಉತ್ತರ ಅಕ್ಷಾಂಶ, 78.43 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದುಬೈ ನಿಲ್ದಾಣ 25.25 ಮತ್ತು 55.37ರಲ್ಲಿ. ಒಂದು ಡಿಗ್ರಿಗೆ 111 ಕಿಲೋಮೀಟರ್ ಎಂದು ಹಿಡಿದು, ಎರಡೂ ವ್ಯತ್ಯಾಸಗಳನ್ನು ಅದರಿಂದ ಗುಣಿಸಿ, ಪೈಥಾಗೊರಸ್ ಪ್ರಮೇಯಕ್ಕೆ ಹಾಕಿದಾಗ 2,710 ಬಂದಿತು. ಉತ್ತರ ತಪ್ಪಾಗಿತ್ತು, ತಪ್ಪು ನನ್ನದೇ. ಅಕ್ಷಾಂಶದ ಡಿಗ್ರಿ ಎಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದವಿದ್ದರೂ, ರೇಖಾಂಶಗಳು ಧ್ರುವದತ್ತ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ ಪೂರ್ವ-ಪಶ್ಚಿಮದ ಅಳತೆಯನ್ನು ನಡುವಣ ಅಕ್ಷಾಂಶದ ಕೊಸೈನ್‌ನಿಂದ (ಕೋನಕ್ಕೆ ತಕ್ಕಂತೆ ಬದಲಾಗುವ ತ್ರಿಕೋನಮಿತಿಯ ಅನುಪಾತ) ಗುಣಿಸಬೇಕು. ಇಲ್ಲಿ ಅದು 0.932, ಅಂದರೆ ಡಿಗ್ರಿಗೆ ಸುಮಾರು 103 ಕಿಲೋಮೀಟರ್. ತಿದ್ದಿದ ಮೇಲೆ 2,546 ಬಂದಿತು, ಭೂಮಿಯನ್ನು ಗೋಳವೆಂದೇ ಹಿಡಿದು ದೂರ ಅಳೆಯುವ ಸೂತ್ರವೂ ಅದನ್ನೇ ಹೇಳಿತು. ಕಲಬುರಗಿ–ಬೆಂಗಳೂರಿನಂತಹ ಉತ್ತರ-ದಕ್ಷಿಣ ಹಾದಿಯಲ್ಲಿ ಇದೇ ತಪ್ಪು ಮಾಡಿದ್ದರೆ ಒಂದು ಕಿಲೋಮೀಟರಿನಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ, ನನಗೆ ಗೊತ್ತೂ ಆಗುತ್ತಿರಲಿಲ್ಲ.

ಇನ್ನು ಸಮಯ. ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ ಎಂದುಕೊಂಡರೆ ಮೂರು ಗಂಟೆ ಸಾಕು. ಆದರೆ ಟಿಕೆಟ್ಟಿನ ಸಮಯ ವಿಮಾನ ತನ್ನ ಜಾಗ ಬಿಟ್ಟ ಗಳಿಗೆಯಿಂದ ಅಲ್ಲಿ ಹೋಗಿ ನಿಲ್ಲುವ ಗಳಿಗೆಯವರೆಗಿನದು. ರನ್‌ವೇವರೆಗಿನ ನಡಿಗೆ, ಏರುವಿಕೆ, ಇಳಿಯುವಿಕೆ ಸೇರಿ ಅರ್ಧ ಗಂಟೆ ಕೂಡಿಸಿದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬೀಸುವ ಎತ್ತರದ ಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ಎದುರುಗಾಳಿಗೆಂದು ವೇಗದಲ್ಲಿ 80 ಕಳೆದು ನೋಡಿದಾಗ ಮೂರು ಗಂಟೆ ಐವತ್ತು ನಿಮಿಷದ ಸುತ್ತಮುತ್ತ ನಿಂತಿತು.

ಹಾಗಾದರೆ ಟಿಕೆಟ್ಟಿನ ಎರಡು ಗಂಟೆ ಇಪ್ಪತ್ತು ನಿಮಿಷ? ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರವನ್ನೇ ಬರೆಯುತ್ತಾರೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಕೂಡಿಸಿದರೆ ಸರಿಯಾಗಿ 3 ಗಂಟೆ 50 ನಿಮಿಷ. ಮರಳುವ ಟಿಕೆಟ್ಟಿನಲ್ಲಿ ಅದೇ ಒಂದೂವರೆಯನ್ನು ಕಳೆಯಬೇಕು.

ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೂ ಅಲ್ಲ, ಮನೆ ಬಿಡುವ ಹೊತ್ತು. ಮೂರು ತಾಸು ಮೊದಲೇ ನಿಲ್ದಾಣದಲ್ಲಿರಬೇಕು. ಹುಮನಾಬಾದ್, ಜಹೀರಾಬಾದ್ ದಾಟಿ ಶಂಶಾಬಾದ್ ಮುಟ್ಟಲು ಕಾರಿಗೆ ಐದು ತಾಸು. ಆಕಾಶದ ಎರಡೂವರೆ ಸಾವಿರ ಕಿಲೋಮೀಟರಿಗಿಂತ ನೆಲದ ಇನ್ನೂರು ಚಿಲ್ಲರೆಗೇ ಹೆಚ್ಚು ಹೊತ್ತು! ರಾತ್ರಿ ಎರಡಕ್ಕೆ ಹೊರಡಬೇಕೆಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವಳು ಒಂದಕ್ಕೇ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.