ಕೈಗಾದ ಇಂಧನ: ಅದಿರಿನಿಂದ ಬಿಲ್ಲೆಯವರೆಗೆ

ಕುಂಸಿ ಸುತ್ತ ಒಂದು ಕಾಲಕ್ಕೆ ಅಗೆಯುತ್ತಿದ್ದ ಮ್ಯಾಂಗನೀಸ್ ಅದಿರು ಶಿವಮೊಗ್ಗದವರಿಗೆ ಗೊತ್ತಿರುವಂಥದ್ದೇ. ಕೈಗಾ ಅಣುಸ್ಥಾವರದ ಇಂಧನವಾದ ಯುರೇನಿಯಂ ಅನ್ನು ಅದಿರಿನಿಂದ ಕರಗಿಸಿ ತೆಗೆಯಲು ಬೇಕಾಗುವುದೂ ಅದೇ ಜಾತಿಯ ಖನಿಜ, ಪೈರೊಲುಸೈಟ್. ಜಾರ್ಖಂಡ್‌ನ ಜಾದುಗುಡದಂಥ ಯುರೇನಿಯಂ ಗಣಿಯ ಒಂದು ಟನ್ ಅದಿರಿನಲ್ಲಿ ಒಂದು ಕಿಲೋ ಯುರೇನಿಯಂ ಕೂಡ ಇರುವುದಿಲ್ಲ. ಇರುವಷ್ಟರಲ್ಲಿ ಹೆಚ್ಚಿನದು ನಾಲ್ಕರ ವೇಲೆನ್ಸಿಯದು (ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ರೂಪ), ಆಮ್ಲಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಅದಿರನ್ನು ನುಣ್ಣಗೆ ಅರೆದು ಸಲ್ಫ್ಯೂರಿಕ್ ಆಮ್ಲದ ಜೊತೆ ಪೈರೊಲುಸೈಟ್ ಹಾಕುತ್ತಾರೆ. ಅದು ದ್ರಾವಣದಲ್ಲಿರುವ ಕಬ್ಬಿಣವನ್ನು ಉತ್ಕರ್ಷಿಸುತ್ತದೆ (ಅದರ ಎಲೆಕ್ಟ್ರಾನ್ ಕಸಿಯುತ್ತದೆ), ಆ ಕಬ್ಬಿಣ ಯುರೇನಿಯಂ ಅನ್ನು ಆರರ ವೇಲೆನ್ಸಿಗೆ ಏರಿಸುತ್ತದೆ. ಆಮೇಲೆ ಕರಗುತ್ತದೆ.

ಕರಗಿದ ಯುರೇನಿಯಂ ಅನ್ನು ರಾಳದಲ್ಲಿ ಹಿಡಿದು, ಒತ್ತರಿಸಿ (ದ್ರಾವಣದಿಂದ ಗಟ್ಟಿ ರೂಪದಲ್ಲಿ ಕೆಳಗಿಳಿಸಿ), ಒಣಗಿಸಿದರೆ ಹಳದಿ ಪುಡಿ. ಅದು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣಕ್ಕೆ ಹೋಗುತ್ತದೆ. ಅಲ್ಲಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸಾವಯವ ದ್ರವವಾದ ಟ್ರೈಬ್ಯುಟೈಲ್ ಫಾಸ್ಫೇಟ್‌ನಿಂದ ಯುರೇನಿಯಂ ಮಾತ್ರ ಸೆಳೆದುಕೊಳ್ಳುತ್ತಾರೆ. ಈ ಶುದ್ಧೀಕರಣದಲ್ಲಿ ರಾಜಿ ಇಲ್ಲ: ಬೋರಾನ್, ಗ್ಯಾಡೊಲಿನಿಯಂ ಲಕ್ಷಕ್ಕೆ ಒಂದು ಪಾಲು ಉಳಿದರೂ ಯುರೇನಿಯಂ ಅನ್ನು ಒಡೆಯಬೇಕಾದ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತವೆ. ಕೈಗಾದಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಬಗೆಯಾದ ಯುರೇನಿಯಂ-235 ಇರುವುದೇ ಶೇ 0.7. ನ್ಯೂಟ್ರಾನ್ ಪೋಲು ಮಾಡುವಷ್ಟು ಶ್ರೀಮಂತಿಕೆ ಅದಕ್ಕಿಲ್ಲ.

ಮುಂದೆ ಅಮೋನಿಯಾ ಹಾಕಿ ಒತ್ತರಿಸಿ, ಕಾಯಿಸಿ, ಹೈಡ್ರೋಜನ್‌ನಲ್ಲಿ ಅಪಕರ್ಷಿಸಿದರೆ (ಒಂದಷ್ಟು ಆಮ್ಲಜನಕ ತೆಗೆದರೆ) ಯುರೇನಿಯಂ ಡೈಆಕ್ಸೈಡ್. ಆರಕ್ಕೆ ಏರಿಸಿದ್ದ ವೇಲೆನ್ಸಿಯನ್ನು ಈಗ ಮತ್ತೆ ನಾಲ್ಕಕ್ಕೆ ಇಳಿಸಿದಂತಾಯಿತು. ಲೋಹವನ್ನೇ ಯಾಕೆ ಬಳಸಬಾರದು? ಬಿಸಿನೀರು ತಾಕಿದರೆ ಅದು ತುಕ್ಕು ಹಿಡಿಯುತ್ತದೆ, ವಿಕಿರಣಕ್ಕೆ ಊದುತ್ತದೆ. ಡೈಆಕ್ಸೈಡ್ ಕರಗುವುದು 2,800 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ.

ಪುಡಿಯನ್ನು ಒತ್ತಿದಾಗ ಬರುವ ಬಿಲ್ಲೆ ಸೀಮೆಸುಣ್ಣದಷ್ಟೇ ಗಟ್ಟಿ. ಹೈಡ್ರೋಜನ್ ಕುಲುಮೆಯಲ್ಲಿ ಸುಮಾರು 1,700 ಡಿಗ್ರಿಯಲ್ಲಿ ಸುಟ್ಟ ಮೇಲೆ ಕುಗ್ಗಿ ಕಲ್ಲಾಗುತ್ತದೆ. ಪುಡಿಯ ಕಣ ದಪ್ಪವಿದ್ದರೆ ಒಳಗೆ ರಂಧ್ರ ಉಳಿಯುತ್ತದೆ; ಆಮ್ಲಜನಕ ಹೆಚ್ಚಾದರೆ ಶಾಖ ಹೊರಗೆ ಹರಿಯುವುದು ನಿಧಾನವಾಗಿ ಬಿಲ್ಲೆಯ ನಡುಭಾಗ ಅತಿಯಾಗಿ ಕಾಯುತ್ತದೆ. ಅಂಚು ಚಕ್ಕೆ ಎದ್ದಿದ್ದನ್ನು ಆರಿಸಿ ತೆಗೆಯುತ್ತಾರೆ. ಬಿಲ್ಲೆಯ ತುದಿಯಲ್ಲಿ ತುಸು ತಗ್ಗು ಬಿಡುವುದು ಕಾದಾಗ ಹಿಗ್ಗಲಿಕ್ಕೆ.

ಬಿಲ್ಲೆಗಳನ್ನು ಜಿರ್ಕಲಾಯ್ (ಜಿರ್ಕೋನಿಯಂ ಮಿಶ್ರಲೋಹ) ಕೊಳವೆಗೆ ತುಂಬಿ ಮುಚ್ಚಳ ಬೆಸೆಯುವ ಮುನ್ನ ತೇವ ಪೂರ್ತಿ ಹೋಗಿರಬೇಕು. ಉಳಿದ ನೀರಿನಿಂದ ಬರುವ ಹೈಡ್ರೋಜನ್ ಕೊಳವೆಯನ್ನು ಒಳಗಿನಿಂದಲೇ ಪೆಡಸು ಮಾಡುತ್ತದೆ. ಇಂಥ 19 ಕೊಳವೆ ಸೇರಿದರೆ ಅರ್ಧ ಮೀಟರ್ ಉದ್ದದ ಒಂದು ಕಟ್ಟು. ಕೈಗಾದ 220 ಮೆಗಾವಾಟ್ ಘಟಕದಲ್ಲಿ ಇಂಧನ ಕೂರಿಸುವ 306 ನಾಳಗಳಲ್ಲಿ ತಲಾ 12 ಕಟ್ಟು.

ಎಲ್ಲಾದರೂ ಕೊಳವೆ ಸೋರಿದರೆ ತಂಪುಗೊಳಿಸುವ ಭಾರಜಲದಲ್ಲಿ ಯುರೇನಿಯಂ ಒಡೆದಾಗ ಹುಟ್ಟುವ ಅಯೋಡಿನ್, ಜೆನಾನ್ ಏರುತ್ತವೆ. ಯಾವ ನಾಳ ಎಂದು ಪತ್ತೆಮಾಡಿ, ಘಟಕ ನಿಲ್ಲಿಸದೆಯೇ ಆ ಕಟ್ಟನ್ನು ಯಂತ್ರದ ನೆರವಿನಿಂದ ಹೊರಗೆ ಎಳೆಯುತ್ತಾರೆ.