ಮೊದಲು ಸಂಬಳದ ಪಟ್ಟಿ, ಆಮೇಲೆ ಪುಸ್ತಕ: ಉದ್ಯೋಗದಲ್ಲಿನ ಲಿಂಗ ಅಂತರವನ್ನು ತಗ್ಗಿಸುವ ಬಗೆ

ತಮ್ಮ ಸಂಸ್ಥೆಯಲ್ಲಿ ಮಹಿಳೆಯರಿಗೂ ಪುರುಷರಿಗೂ ನಡುವೆ ಇರುವ ಅಂತರವನ್ನು ನಿಜವಾಗಿ ತಗ್ಗಿಸಬೇಕೆಂದಿರುವ ಮುಖ್ಯಸ್ಥರು ಮೊದಲು ಓದಬೇಕಾದದ್ದು ತಮ್ಮದೇ ಸಂಬಳದ ಪಟ್ಟಿಯನ್ನು. ಇದಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿಯೊಬ್ಬರ ಹುದ್ದೆ, ಸೇರಿದ ವರ್ಷ, ಸೇರುವಾಗಿನ ಸಂಬಳ, ಈಗಿನ ಸಂಬಳ, ಕೊನೆಯ ಬಡ್ತಿಯ ದಿನಾಂಕ, ಹೆರಿಗೆ ರಜೆಯಿಂದ ಮರಳಿದ ದಿನಾಂಕ ಇವಿಷ್ಟನ್ನು ತುಂಬಿಸಿ, ಒಟ್ಟು ಸರಾಸರಿಯನ್ನು ಬದಿಗಿಟ್ಟು ಒಂದೇ ಹುದ್ದೆಯಲ್ಲಿರುವವರನ್ನು ಪರಸ್ಪರ ಹೋಲಿಸಿ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಬಹುಪಾಲು ಮಹಿಳೆಯರೇ ಇದ್ದರೂ ಸೂಪರ್‌ವೈಸರ್‌ಗಳು ಹೆಚ್ಚಾಗಿ ಪುರುಷರೇ ಆಗಿರುತ್ತಾರೆ. ಒಟ್ಟು ತಲೆಯೆಣಿಕೆಯಲ್ಲಿ ಮರೆಯಾಗುವ ಈ ಅಂತರ ಮೊದಲ ಬಡ್ತಿಯ ಮೆಟ್ಟಿಲನ್ನು ಪರೀಕ್ಷಿಸಿದಾಗ ಮಾತ್ರ ಕಾಣಿಸುತ್ತದೆ.

ಹಾಳೆ ಸಿದ್ಧವಾದ ಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಐರಿಸ್ ಬೊಹ್ನೆಟ್ ಅವರು 2016ರಲ್ಲಿ ಪ್ರಕಟಿಸಿದ ‘ವಾಟ್ ವರ್ಕ್ಸ್’ ಪುಸ್ತಕವನ್ನು ಓದಿ. ಜನರ ಮನಸ್ಸನ್ನು ತಿದ್ದುವುದಕ್ಕಿಂತ ನೇಮಕಾತಿ ಮತ್ತು ಬಡ್ತಿಯ ವಿಧಾನವನ್ನು ತಿದ್ದುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ಅವರ ವಾದ, ಮತ್ತು ನನಗೆ ಇದು ಎಲ್ಲಕ್ಕಿಂತ ಉಪಯುಕ್ತವೆನಿಸಿದೆ. ಅದನ್ನು ಕಾರ್ಯರೂಪಕ್ಕೆ ತರಲು ಸಂದರ್ಶನಕ್ಕೊಂದು ಅಂಕಪಟ್ಟಿ ಮಾಡಿಕೊಳ್ಳಿ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ ಬರೆಯಬೇಕು. ಎಲ್ಲರೂ ಅಂಕಗಳನ್ನು ಒಪ್ಪಿಸುವವರೆಗೆ ಸಂದರ್ಶಕರು ತಮ್ಮೊಳಗೆ ಚರ್ಚಿಸಕೂಡದು. ಮದುವೆ ಯಾವಾಗ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳಿಗೆ ಆ ಹಾಳೆಯಲ್ಲಿ ಜಾಗವಿರಬಾರದು. ಈ ಒಂದು ವಿಷಯದಲ್ಲಿ ರಾಜಿ ಬೇಡ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ‘ಕೆರಿಯರ್ ಅಂಡ್ ಫ್ಯಾಮಿಲಿ’ ಪುಸ್ತಕ ಅಮೆರಿಕದ ಪದವೀಧರ ಮಹಿಳೆಯರನ್ನು ಕುರಿತದ್ದು. ಹೊತ್ತುಗೊತ್ತಿಲ್ಲದೆ ದುಡಿಯುವವರಿಗೆ ಹೆಚ್ಚು ಸಂಬಳ ಕೊಡುವ ಉದ್ಯೋಗಗಳು ಮಗು ಹುಟ್ಟಿದ ಮೇಲೆ ಅಂತರವನ್ನು ಹೇಗೆ ಹಿಗ್ಗಿಸುತ್ತವೆ ಎಂಬುದನ್ನು ಅದು ವಿವರಿಸುತ್ತದೆ. ನಮ್ಮಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನೂ ಕಡ್ಡಾಯಗೊಳಿಸಿತು. ರಜೆ ಮುಗಿಸಿ ಬಂದವರ ಮುಂದಿನ ಬೆಳವಣಿಗೆ ಮಾತ್ರ ಬಹುಮಟ್ಟಿಗೆ ಮುಖ್ಯಸ್ಥರ ಕೈಯಲ್ಲಿರುತ್ತದೆ. ಆದ್ದರಿಂದ ರಜೆಗೆ ಹೋಗುವ ಮುನ್ನವೇ, ಆಕೆಯ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ, ಮರಳಿದಾಗ ಯಾವ ಜವಾಬ್ದಾರಿ ಸಿಗುತ್ತದೆ, ಆ ವರ್ಷದ ಮೌಲ್ಯಮಾಪನವನ್ನು ಹೇಗೆ ಮಾಡಲಾಗುತ್ತದೆ ಎಂಬುದನ್ನು ಆಕೆಯೊಂದಿಗೆ ಕೂತು ಒಂದು ಪುಟದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ.

ವಾರ್ಷಿಕ ಸಂಬಳ ಏರಿಕೆಯ ಪತ್ರಗಳು ಹೊರಡುವ ಮುಂಚೆ ಅದೇ ಎಕ್ಸೆಲ್ ಹಾಳೆಯನ್ನು ಹೊಸ ಅಂಕಿಗಳೊಂದಿಗೆ ತರಿಸಿಕೊಳ್ಳಿ. ಪತ್ರ ಕೈಸೇರಿದ ಮೇಲೆ ಕಂಡುಬಂದ ತಪ್ಪು ಸರಿಹೋಗಲು ಅದನ್ನು ಪಡೆದ ನೌಕರಳು ಇನ್ನೊಂದು ವರ್ಷ ಕಾಯಬೇಕಾಗುತ್ತದೆ.