ಅಳತೆ ಇಲ್ಲದ ತೋಡಿಗೆ ಎಷ್ಟು ನೀರು ಬಂತು ಅಂತ ಲೆಕ್ಕ ಹಾಕೋದು ಹೇಗೆ

ಕೊಡಗಿಂದ ಪಡುವಣಕ್ಕೆ ಇಳಿದು ಪಯಸ್ವಿನಿಗೋ ಬರಪೊಳೆಗೋ ಸೇರೋ ಸಣ್ಣ ತೋಡುಗಳಲ್ಲಿ, ಅಂದ್ರೆ ಹಳ್ಳಗಳಲ್ಲಿ, ನೀರು ಅಳೆಯೋ ಗೇಜ್ ಎಲ್ಲಿರುತ್ತೆ ಹೇಳಿ, ಆದ್ರೂ ಮೋರಿ ಕಟ್ಟೋವಾಗ ಒಂದು ಲೆಕ್ಕ ಬೇಕೇ ಬೇಕು. ನಮ್ಮ ತೋಟದ ದಾರಿಗೆ ಕಂಟ್ರಾಕ್ಟರ್ ಅಂದಾಜಲ್ಲಿ 3 ಅಡಿಯ 3 ಹ್ಯೂಮ್ ಪೈಪ್ (ಸಿಮೆಂಟ್ ಕೊಳವೆ) ಹಾಕಿದ್ರು, ಮೊದಲ ಕಕ್ಕಡದ (ಜುಲೈ-ಆಗಸ್ಟ್) ಮಳೆಗೇ ಕೊಚ್ಕೊಂಡು ಹೋಯ್ತು.

ನನ್ನ ಪ್ರಕಾರ ಎಲ್ಲಕ್ಕಿಂತ ನಂಬಬಹುದಾದ್ದು ನೆರೆ ಬಿಟ್ಟು ಹೋದ ಗುರುತು. ನೀರು ಇಳಿದ ಒಂದೆರಡು ದಿನದೊಳಗೆ ಹೋಗಿ ನೋಡಿ, ಸಿಲ್ವರ್ ಮರದ ಮೇಲಿನ ಕೆಸರಿನ ಗೆರೆ, ಕಾಫಿ ಗಿಡಕ್ಕೆ ಸಿಕ್ಕಾಕೊಂಡ ಹುಲ್ಲು ಪ್ಲಾಸ್ಟಿಕ್ಕು, ಇನ್ನೊಂದು ಜೋರು ಮಳೆ ಬಂದ್ರೆ ಇವೆಲ್ಲ ತೊಳೆದುಹೋಗುತ್ತೆ. ತೋಡು ನೆಟ್ಟಗಿರೋ 100 ಮೀಟರ್ ಜಾಗ ಆರಿಸ್ಕೊಂಡು, ಮೇಸ್ತ್ರಿಗಳ ಲೆವೆಲ್ ಪೈಪಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಎತ್ತರದ ವ್ಯತ್ಯಾಸ ತಗೊಳ್ಳಿ, ಅಗಲ ಆಳ ಹಗ್ಗ ಕಟ್ಟಿ ಅಳೀರಿ.

ನಮ್ಮಲ್ಲಿ ಅಗಲ 7 ಮೀಟರ್, ಸರಾಸರಿ ಆಳ 1.2, ಅಂದ್ರೆ 8.4 ಚದರ ಮೀಟರ್, ನೀರು ತಾಗಿದ ತಳ ಮತ್ತೆ ದಡ ಸೇರಿ 9 ಮೀಟರ್, ಇಳಿಜಾರು 100ಕ್ಕೆ 2. ಹರಿಯೋ ನೀರು ಲೆಕ್ಕ ಹಾಕೋ ಮ್ಯಾನಿಂಗ್ ಸೂತ್ರದಲ್ಲಿ 8.4ನ್ನ 9ರಿಂದ ಭಾಗಿಸಿ 2/3 ಘಾತ ತಗೊಂಡು, 0.02ರ ವರ್ಗಮೂಲದಿಂದಲೂ 8.4ರಿಂದಲೂ ಗುಣಿಸಿ, ಕಲ್ಲು ತುಂಬಿದ ತೋಡಿನ ಒರಟುತನದ ಅಂಕಿ 0.05ರಿಂದ ಭಾಗಿಸಬೇಕು. ಸೆಕೆಂಡಿಗೆ ಸುಮಾರು 22.7 ಘನ ಮೀಟರ್ ಬಂತು, 800 ಕ್ಯುಸೆಕ್ (ಸೆಕೆಂಡಿಗೆ ಘನ ಅಡಿ) ಹತ್ತಿರ. ಆ 3 ಪೈಪಲ್ಲಿ ಹೋಗೋದು ಹೆಚ್ಚಂದ್ರೆ 6 ಘನ ಮೀಟರ್!

ಆಮೇಲೆ ಮಳೆಯಿಂದ ತಾಳೆ ನೋಡಿ. 0.278 ಇಂಟು ಹರಿದು ಬರೋ ಪಾಲು ಇಂಟು ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ ಇಂಟು ತೋಡಿಗೆ ನೀರು ಹರಿದು ಬರೋ ಜಾಗ ಎಷ್ಟು ಚದರ ಕಿಲೋಮೀಟರ್. ನಮ್ಮದು 3 ಚದರ ಕಿಲೋಮೀಟರ್, ಪಾಲು 0.6, ಗಂಟೆಗೆ 2 ಇಂಚು ಅಂದ್ರೆ 50 ಮಿಲಿಮೀಟರ್, ಸೆಕೆಂಡಿಗೆ 25 ಘನ ಮೀಟರ್ ಬಂತು. ಆದ್ರೆ ತೋಟದ ಮಳೆ ಬುಕ್ಕಲ್ಲಿ ಇಂಚು ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು) ಬರೆದಿರೋದು ಇಡೀ ದಿನದ್ದು, ಇಷ್ಟು ಸಣ್ಣ ಕಡಿದಾದ ಜಾಗದಲ್ಲಿ ನೀರು 20-25 ನಿಮಿಷಕ್ಕೇ ಕೆಳಗೆ ಬಂದುಬಿಡುತ್ತೆ, ಅದಕ್ಕೆ ಜೋರು ಮಳೆಯಲ್ಲಿ ಅರ್ಧ ಗಂಟೆಗೊಮ್ಮೆ ಅಳತೆ ನೋಡಿ ಬರೀಬೇಕು.

ಘಟ್ಟಕ್ಕೆ ಅಂತ ಬಳಸೋ, ಜಾಗದ ವಿಸ್ತಾರದಿಂದ ನೆರೆ ಲೆಕ್ಕ ಹಾಕೋ ಇಂಗ್ಲಿಸ್ ಸೂತ್ರ ಹಾಕಿದ್ರೆ ಸೆಕೆಂಡಿಗೆ 100 ಘನ ಮೀಟರ್ ದಾಟುತ್ತೆ, ಅದು ಬೀಸಣಿಗೆ ಆಕಾರದ ಜಲಾನಯನಗಳಿಂದ (ನೀರು ಹರಿದು ಬರೋ ಜಾಗಗಳಿಂದ) ಮಾಡಿದ್ದು, ಅದನ್ನ ಮೇಲಿನ ಮಿತಿ ಅಂತ ಮಾತ್ರ ಇಟ್ಕೊಳ್ಳಿ. ದೊಡ್ಡ ಹೊಳೆ ಆದ್ರೆ ಕೇಂದ್ರ ಜಲ ಆಯೋಗ ಕೊಂಕಣ ಮಲಬಾರ್ ಕರಾವಳಿಗೆ 1992ರಲ್ಲಿ ಮಾಡಿದ ನೆರೆ ಅಂದಾಜಿನ ವರದಿ ನೋಡಿ.

ಒಂದು ಎಚ್ಚರ. ಮೋರಿಗೆ ಮರ ಅಡ್ಡ ಸಿಕ್ಕಿದ್ರೆ ಹಿಂದೆ ನೀರು ನಿಂತು ಗುರುತು ಸುಳ್ಳೇ ಮೇಲೆ ಬಿದ್ದಿರುತ್ತೆ, ಅಲ್ಲಿ ಅಳೀಬೇಡಿ. 2018ರ ಆಗಸ್ಟಲ್ಲಿ ಕೊಡಗಿನ ಜೋಡುಪಾಲದಲ್ಲಿ ಆದ ಹಾಗೆ ಬರೆ (ಗುಡ್ಡದ ಬದಿ) ಕುಸಿದು ಮಣ್ಣು ಮರ ಸಮೇತ ಬಂದ್ರೆ ಈ ಯಾವ ಸೂತ್ರವೂ ನಡೆಯಲ್ಲ. ಮತ್ತೆ ಒಂದು ವರ್ಷದ ನೆರೆಯೇ ಕೊನೆಯದ್ದಲ್ಲ, ಪಕ್ಕದ ಮನೆ ಅಜ್ಜನ ಹತ್ರ ಹಿಂದೆ ನೀರು ಗದ್ದೆಯಲ್ಲಿ ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ ಅದನ್ನೂ ಅಳೀರಿ, ಈ ವರ್ಷದ ಗುರುತಿಗೆ ಪೇಂಟ್ ಹಚ್ಚಿ ತಾರೀಖು ಬರೆದಿಡಿ.